ವಿಮಾನದಲ್ಲಿ ಮದ್ಯವೇತಕ್ಕೆ?

ಯಾದಗಿರಿಯ ನಮಗೆ ವಿಮಾನದ ಗೊಡವೆಯೇಕೆ ಎಂದು ಗೆಳೆಯರು ನಗಬಹುದು. ಆದರೆ 2019ರಲ್ಲಿ ನೆರೆಯ ಕಲಬುರಗಿಯಲ್ಲೇ ವಿಮಾನ ನಿಲ್ದಾಣ ತೆರೆಯಿತಲ್ಲವೆ?

ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಮದ್ಯ ಕೊಡುವಂತಿಲ್ಲ. ಪರದೇಶದ ಪ್ರಯಾಣದಲ್ಲಿ ಮಾತ್ರ ಅದು ಉಪಚಾರವೆನಿಸಿದೆ. 2022ರ ನವೆಂಬರ 26ರಂದು ನ್ಯೂಯಾರ್ಕಿನಿಂದ ದಿಲ್ಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ, ಕುಡಿದ ಪ್ರಯಾಣಿಕನೊಬ್ಬ ವೃದ್ಧೆಯೊಬ್ಬರ ಮೇಲೆ ಮೂತ್ರ ವಿಸರ್ಜಿಸಿದನೆಂಬ ಆರೋಪ ಬಂದಿತು. ಮರುವರ್ಷದ ಜನವರಿಯಲ್ಲಿ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಬಿದ್ದಿತು. ವಿಮಾನ ಚಾಲಕನ ಪರವಾನಿಗೆಯನ್ನು 3 ತಿಂಗಳು ತಡೆಹಿಡಿದರು. 2017ರ ನಿಯಮದಂತೆ ಬಾಯಿಮಾತಿನ ಪುಂಡಾಟಿಕೆಗೆ 3 ತಿಂಗಳವರೆಗೆ, ಕೈಮಾಡಿದರೆ 6 ತಿಂಗಳವರೆಗೆ ವಿಮಾನಪ್ರವೇಶಕ್ಕೆ ನಿಷೇಧವೂ ಉಂಟು. ಇವೆಲ್ಲ ವಿಮಾನ ಇಳಿದ ಮೇಲಿನ ಮಾತು!

ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಕುಡುಕನು ಗದ್ದಲವೆಬ್ಬಿಸಿದರೆ ಕಂಡಕ್ಟರನು ಸೀಟಿ ಊದಿ ನಡುದಾರಿಯಲ್ಲೇ ಇಳಿಸಿಬಿಡುವನು. ಆಕಾಶದಲ್ಲಿ ಯಾರನ್ನು ಎಲ್ಲಿ ಇಳಿಸುವದು? ಪಕ್ಕದಲ್ಲಿ ಕುಳಿತ ಮುದುಕಿ ಎಲ್ಲಿಗೆ ಎದ್ದು ಹೋದಾಳು?

ದೂರದ ಪ್ರಯಾಣ, ಬೇಸರ ಕಳೆಯಬೇಡವೆ ಎಂದು ಕೆಲವರು ವಾದಿಸುವರು. ಇರಲಿ. ಮಿತಿಮೀರಿದವನಿಗೆ ಇಲ್ಲವೆನ್ನುವ ಅಧಿಕಾರ ಗಗನಸಖಿಗೆ ಉಂಟಾದರೂ, ದುಬಾರಿ ಆಸನದಲ್ಲಿ ಕುಳಿತ ದೊಡ್ಡಮನುಷ್ಯನಿಗೆ “ಸಾಕು” ಎನ್ನಲು ಆ ಹುಡುಗಿ ಅಳುಕದಿರುವಳೆ? ಹಾಗೆಂದವಳ ಮೇಲೆ ದೂರು ಬಂದರೆ ಕಂಪನಿಯು ಅವಳ ಬೆನ್ನಿಗೆ ನಿಲ್ಲಬೇಕು. ನಿಲ್ಲಲಾರದ ಕಂಪನಿಯು ಬಾಟಲಿಯನ್ನು ವಿಮಾನಕ್ಕೆ ಹತ್ತಿಸುವದೇ ಬೇಡ.