ನಮ್ಮವನಿಗೇ ಬೂ ಅಂದ ರಾತ್ರಿ

2019ರ ಅಕ್ಟೋಬರ್ 27, ಭಾನುವಾರ. ನರಕ ಚತುರ್ದಶಿ. ಹೊರಗೆ ಇಡೀ ಬೆಂಗಳೂರು ಪಟಾಕಿ ಹೊಡೀತಿತ್ತು, ಒಳಗೆ ನಾನು ಆರ್ಸೆನಲ್ ಮ್ಯಾಚ್ ನೋಡ್ತಾ ಕೂತಿದ್ದೆ. ಕ್ರಿಸ್ಟಲ್ ಪ್ಯಾಲೆಸ್ ಎದುರು ಒಂಬತ್ತೇ ನಿಮಿಷಕ್ಕೆ ಎರಡು ಗೋಲು ಹೊಡೆದವರು ಆಮೇಲೆ 2-2 ಮಾಡಿಕೊಂಡಿದ್ದರು. 61ನೇ ನಿಮಿಷ. ಕ್ಯಾಪ್ಟನ್ ಗ್ರಾನಿಟ್ ಜಾಕಾನ ನಂಬರ್ ಬೋರ್ಡಿನ ಮೇಲೆ ಬಂತು. ಎಮಿರೇಟ್ಸ್ ಸ್ಟೇಡಿಯಂನಲ್ಲಿ ಜನ ಖುಷಿಯಿಂದ ಕೇಕೆ ಹಾಕಿದರು. ನೆನಪಿರಲಿ, ಹೊರಗೆ ಹೋಗ್ತಿದ್ದವನು ಎದುರಾಳಿಯಲ್ಲ, ತಮ್ಮದೇ ಕ್ಯಾಪ್ಟನ್ನು. ಅವನು ನಿಧಾನವಾಗಿ ನಡೆದ, ಬೂ ಜೋರಾಯ್ತು. ಕಿವಿಗೆ ಕೈ ಹಿಡಿದು ಇನ್ನೂ ಕೂಗಿ ಅನ್ನೋ ಹಾಗೆ ಸನ್ನೆ ಮಾಡಿದ, ಜೆರ್ಸಿ ಕಿತ್ತು ತೆಗೆದ, ಸೀದಾ ಒಳಗೆ ಹೋದ.

ನಾನು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: 'ನರಕಾಸುರ ವಧೆ ಆಯ್ತು.' ಎಲ್ಲರೂ ನಕ್ಕರು. ನನಗೂ ನನ್ನ ಜೋಕಿನ ಬಗ್ಗೆ ಬಹಳ ಹೆಮ್ಮೆ ಆಯ್ತು.

ನಾಲ್ಕು ದಿನ ಬಿಟ್ಟು ಜಾಕಾ ಒಂದು ಹೇಳಿಕೆ ಕೊಟ್ಟ. ಅವನ ಕಾಲು ಮುರಿಯುವುದಾಗಿ, ಹೆಂಡತಿಯನ್ನು ಕೊಲ್ಲುವುದಾಗಿ ಜನ ಅವನಿಗೆ ಬರೆದಿದ್ದರಂತೆ. ಪುಟ್ಟ ಮಗಳಿಗೆ ಕ್ಯಾನ್ಸರ್ ಬರಲಿ ಅಂತಲೂ ಹಾರೈಸಿದ್ದರಂತೆ. ತಿಂಗಳುಗಟ್ಟಲೆ ಇದನ್ನು ನುಂಗಿಕೊಂಡಿದ್ದವನು ಆ ಸಂಜೆ ಒಡೆದುಹೋಗಿದ್ದ. ನವೆಂಬರ್ 5ಕ್ಕೆ ಕೋಚ್ ಉನಾಯ್ ಎಮೆರಿ ಅವನ ಕ್ಯಾಪ್ಟನ್ಸಿ ಕಿತ್ತುಕೊಂಡರು. ಅದೇ ತಿಂಗಳ ಕೊನೆಗೆ ಎಮೆರಿಯವರ ಕೆಲಸವೇ ಹೋಯ್ತು. ಅಂದ್ರೆ ರೋಗ ಜಾಕಾ ಆಗಿರಲಿಲ್ಲ. ಆದರೆ ಆ ಮಾತು ನಮ್ಮ ಗ್ರೂಪಿನಲ್ಲಿ ಯಾರೂ ಆಡಲಿಲ್ಲ.

ಮೊದಲು ಅವನ ತಪ್ಪುಗಳ ಲೆಕ್ಕ ಕೊಡ್ತೀನಿ, ಇಲ್ಲದಿದ್ರೆ ಭಕ್ತ ಅಂತೀರಿ. ಏಳು ಸೀಸನ್‌ನಲ್ಲಿ ಐದು ರೆಡ್ ಕಾರ್ಡ್. 2019ರ ಸೆಪ್ಟೆಂಬರ್‌ನಲ್ಲಿ, ಅದೂ ಟಾಟನ್‌ಹ್ಯಾಮ್ ಎದುರು, ಬೇಡದ ಟ್ಯಾಕಲ್ ಮಾಡಿ ಪೆನಾಲ್ಟಿ ದಾನ. 2020ರಲ್ಲಿ ಬರ್ನ್‌ಲಿ ಆಟಗಾರನ ಕುತ್ತಿಗೆಗೇ ಕೈ ಹಾಕಿ ಹೊರಗೆ ಹೋದ, ಆ ಮ್ಯಾಚ್ ಸೋತೆವು. ಇದಕ್ಕೆಲ್ಲ ಬೈಯಿರಿ, ಬೇಡ ಅನ್ನಲ್ಲ. ನಾನೂ ಬೈದಿದ್ದೀನಿ.

ನನ್ನ ತಕರಾರು ಇರೋದು ಆಮೇಲೆ ನಾವು ಕಟ್ಟಿಕೊಂಡ ಕತೆಯ ಬಗ್ಗೆ. 2022-23ರಲ್ಲಿ ಇದೇ ಜಾಕಾ ಲೀಗ್‌ನಲ್ಲಿ ಏಳು ಗೋಲು ಹೊಡೆದ, ಆರ್ಸೆನಲ್ ಎರಡನೇ ಸ್ಥಾನಕ್ಕೆ ಬಂತು. ಆಗ ನಾವೆಲ್ಲ ಒಂದೇ ರಾಗ ಹಾಡಿದೆವು: 'ಜಾಕಾ ಬದಲಾಗಿಬಿಟ್ಟ ಗುರೂ!'

ಬದಲಾಗಿದ್ದು ಅವನಲ್ಲ ಸ್ವಾಮಿ, ಅವನು ನಿಲ್ಲುವ ಜಾಗ. ಮೊದಲೆಲ್ಲ ಅವನನ್ನು ಡಿಫೆಂಡರ್‌ಗಳ ಮುಂದೆ, ಮೈದಾನದ ನಟ್ಟನಡುವೆ ನಿಲ್ಲಿಸುತ್ತಿದ್ದರು. ಪಾಸ್ ಮಾಡೋದ್ರಲ್ಲಿ ಗಟ್ಟಿಗ, ತಿರುಗೋದ್ರಲ್ಲಿ ನಿಧಾನ. ಎದುರಾಳಿ ಚೆಂಡು ಕಸಿದು ಓಡಿ ಬಂದರೆ ಅವನ ಸುತ್ತ ಬಟ್ಟ ಬಯಲು. ಹಿಡಿಯೋಕೆ ಆಗದೆ ಕಾಲು ಚಾಚುತ್ತಿದ್ದ. ಫೌಲ್, ಕಾರ್ಡ್, ನಮ್ಮ ಬೈಗುಳ. ಮಿಕೆಲ್ ಆರ್ಟೆಟಾ ಮಾಡಿದ್ದು ಇಷ್ಟೇ: ಹಿಂದೆ ಕಾಯೋ ಕೆಲಸ ಥಾಮಸ್ ಪಾರ್ಟಿಗೆ ಕೊಟ್ಟರು, ಲೆಫ್ಟ್ ಬ್ಯಾಕ್ ಝಿಂಚೆಂಕೊನನ್ನು ಪಾರ್ಟಿ ಪಕ್ಕಕ್ಕೆ ಎಳೆದರು, ಜಾಕಾನನ್ನು ಎಡಗಡೆ ಮುಂದಕ್ಕೆ ಕಳಿಸಿದರು. ಅದೇ ಎಡಗಾಲು, ಅದೇ ಸಿಟ್ಟು. ಜಾಗ ಮಾತ್ರ ಬೇರೆ.

ಆಫೀಸಿನಲ್ಲಿ ಇದು ನಮಗೆ ಚೆನ್ನಾಗಿ ಅರ್ಥ ಆಗುತ್ತೆ. ಒಳ್ಳೆ ಕೋಡ್ ಬರೆಯೋ ಹುಡುಗಿಯನ್ನು ಕ್ಲೈಂಟ್ ಕಾಲ್‌ಗೆ ಕೂರಿಸಿ, ಆಮೇಲೆ ಅಪ್ರೈಸಲ್‌ನಲ್ಲಿ 'ಕಮ್ಯುನಿಕೇಶನ್ ಸಾಲದು' ಅಂತ ಬರೆದರೆ ನಾವು ಮ್ಯಾನೇಜರ್‌ಗೆ ಶಾಪ ಹಾಕ್ತೀವಿ. ಶನಿವಾರ ರಾತ್ರಿ ಟೀವಿ ಮುಂದೆ ಕೂತರೆ ನಾವೇ ಆ ಮ್ಯಾನೇಜರ್.

'ಅವನು ಬದಲಾದ' ಅನ್ನೋ ಮಾತು ನಮಗೆ ಯಾಕೆ ಇಷ್ಟ ಗೊತ್ತಾ? ಅದರಲ್ಲಿ ನಾವು ತಪ್ಪಿತಸ್ಥರಲ್ಲ. ಅವನು ಕೆಟ್ಟವನಾಗಿದ್ದಾಗ ಬೈದೆವು, ಒಳ್ಳೆಯವನಾದಾಗ ಹೊಗಳಿದೆವು, ಲೆಕ್ಕ ಚುಕ್ತಾ. ಕ್ಷಮೆ ಕೇಳೋ ಪ್ರಶ್ನೆಯೇ ಬರಲ್ಲ.

ಇದಕ್ಕೆ ಬರೋ ವಾದಗಳೂ ಗೊತ್ತು. ಒಂದು: ದುಡ್ಡು ಕೊಟ್ಟು ನೋಡ್ತೀವಿ, ಬೂ ಅನ್ನೋದು ನಮ್ಮ ಹಕ್ಕು. ಲಂಡನ್ನಿನಲ್ಲಿ ಸೀಸನ್ ಟಿಕೆಟ್ ತಗೊಂಡವನು ಹೇಳಿದರೆ ಅರ್ಧ ಒಪ್ತೀನಿ. ಟಿಕೆಟ್‌ನಲ್ಲಿ ಆಟ ನೋಡುವ ಹಕ್ಕಿದೆ, ಕೂಗುವ ಹಕ್ಕೂ ಇದೆ, ಮನುಷ್ಯನನ್ನು ಒಡೆಯುವ ಹಕ್ಕಿಲ್ಲ. ಇನ್ನು ನಾನು ಕೊಟ್ಟಿದ್ದು ಆಪ್‌ನ ಸಬ್‌ಸ್ಕ್ರಿಪ್ಶನ್ನು.

ಎರಡು: ಪ್ರೀತಿ ಇರೋದಕ್ಕೇ ಬೈತೀವಿ. ಈ ಮಾತನ್ನು ಮನೆಯಲ್ಲಿ ಯಾರು ಯಾರು ಹೇಳ್ತಾರೆ, ಹೇಳಿ ಏನು ಮಾಡ್ತಾರೆ ಅಂತ ಒಮ್ಮೆ ಯೋಚಿಸಿ.

ಮೂರು, ಅತ್ಯಂತ ಕೆಟ್ಟದ್ದು: ನಾವು ಬೂ ಅಂದಿದ್ದಕ್ಕೇ ಅವನು ಸುಧಾರಿಸಿದ. ಸುಳ್ಳು. ಆ ಬೂ ಅವನನ್ನು ಹೆಚ್ಚುಕಡಿಮೆ ಕ್ಲಬ್ಬಿನಿಂದಲೇ ಓಡಿಸಿತ್ತು. ಪೆಟ್ಟಿಗೆ ಕಟ್ಟಿತ್ತು, ಪಾಸ್‌ಪೋರ್ಟ್ ರೆಡಿ ಇತ್ತು, ಬರ್ಲಿನ್ನಿಗೆ ಹೊರಟಿದ್ದ. ಆಗಷ್ಟೇ ಬಂದಿದ್ದ ಆರ್ಟೆಟಾ ಕೂರಿಸಿ ಮಾತಾಡಿ ಉಳಿಸಿಕೊಂಡರು. ಉಳಿಸಿದ್ದು ಒಬ್ಬ ಮನುಷ್ಯನ ನಂಬಿಕೆ, ಅರವತ್ತು ಸಾವಿರ ಜನರ ಗಂಟಲಲ್ಲ.

ಇನ್ನೊಂದು ಸಂಗತಿಯನ್ನು ಆ ರಾತ್ರಿ ನಾನು ಮರೆತಿದ್ದೆ. ಜಾಕಾನನ್ನು ಕ್ಯಾಪ್ಟನ್ ಮಾಡುವ ಮೊದಲು ಎಮೆರಿ ಆಟಗಾರರ ಮತ ಕೇಳಿದ್ದರು. ಜೊತೆಗೆ ದಿನಾ ಬೆವರು ಸುರಿಸುವವರೇ ಅವನನ್ನು ಆರಿಸಿದ್ದರು. ವೆಂಗರ್, ಎಮೆರಿ, ಆರ್ಟೆಟಾ, ಆಮೇಲೆ ಜರ್ಮನಿಯಲ್ಲಿ ಶಾಬಿ ಅಲೊನ್ಸೊ, ನಾಲ್ಕೂ ಜನ ಅವನನ್ನು ಬಿಟ್ಟು ಟೀಮ್ ಬರೆಯಲಿಲ್ಲ. ಅವರಿಗೆ ಕಂಡಿದ್ದು ನಮಗೆ ಕಾಣಲಿಲ್ಲ ಅಂದ್ರೆ ಕಣ್ಣು ಯಾರದ್ದು ಮಂಜಾಗಿತ್ತು?

2023ರ ಮೇ 28, ವುಲ್ವ್ಸ್ ಎದುರು ಸೀಸನ್ನಿನ ಕೊನೇ ಮ್ಯಾಚ್. ಮೊದಲ ಕಾಲು ಗಂಟೆಯೊಳಗೇ ಜಾಕಾ ಎರಡು ಗೋಲು ಹೊಡೆದ, 5-0 ಗೆದ್ದೆವು. ಅವನು ಹೊರಡ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಅದೇ ಸ್ಟೇಡಿಯಂ, ಇಲ್ಲೇ ಇರು ಅಂತ ಹಾಡಿತು. ಅವನು ಲೆವರ್‌ಕುಸೆನ್‌ಗೆ ಹೋದ. ಮುಂದಿನ ವರ್ಷ ಆ ಕ್ಲಬ್ ಒಂದೂ ಮ್ಯಾಚ್ ಸೋಲದೆ ತನ್ನ ಮೊಟ್ಟಮೊದಲ ಬುಂಡೆಸ್‌ಲೀಗಾ ಗೆದ್ದಿತು. ಜರ್ಮನ್ ಕಪ್ ಫೈನಲ್‌ನ ಒಂದೇ ಒಂದು ಗೋಲೂ ಅವನದ್ದೇ.

ಪಾಠ ಕಲಿತೆವಾ? ಎಲ್ಲಿ! ಅವನ ಜಾಗಕ್ಕೆ ಚೆಲ್ಸಿಯಿಂದ ಕೈ ಹಾವರ್ಟ್ಸ್ ಬಂದ. ಎರಡೇ ತಿಂಗಳಿಗೆ 'ದುಡ್ಡು ದಂಡ' ಅಂತ ಶುರು ಹಚ್ಚಿಕೊಂಡೆವು. ಆಮೇಲೆ ಅವನನ್ನು ಸ್ಟ್ರೈಕರ್ ಜಾಗಕ್ಕೆ ತಂದರು, ಆ ಸೀಸನ್ ಲೀಗ್‌ನಲ್ಲೇ 13 ಗೋಲು. ಆಗ ನಮ್ಮ ಗ್ರೂಪಿನಲ್ಲಿ ಏನು ಬಂತು ಹೇಳಿ? 'ಹಾವರ್ಟ್ಸ್ ಬದಲಾಗಿಬಿಟ್ಟ ಗುರೂ!'

ಬೈಬೇಡಿ ಅಂತ ನಾನು ಹೇಳ್ತಿಲ್ಲ. ಟ್ಯಾಕಲ್‌ಗೆ ಬೈಯಿರಿ, ಪಾಸ್‌ಗೆ ಬೈಯಿರಿ, ಅವನನ್ನು ಅಲ್ಲಿ ನಿಲ್ಲಿಸಿದ ಕೋಚ್‌ಗೆ ಬೈಯಿರಿ. ನಮ್ಮದೇ ಜೆರ್ಸಿ ಹಾಕಿದವನು ತಲೆ ತಗ್ಗಿಸಿ ಹೊರಗೆ ಬರುವಾಗ ಮಾತ್ರ ಬಾಯಿ ಮುಚ್ಚಿಕೊಂಡಿರಿ. ಅದು ಕಷ್ಟ ಆದ್ರೆ, ನಾಳೆ ಅವನು ಗೋಲು ಹೊಡೆದಾಗಲೂ ಮುಚ್ಚಿಕೊಂಡಿರಿ.

ಮೊನ್ನೆ ಗ್ರೂಪಿನಲ್ಲಿ ಹಿಂದಕ್ಕೆ ಸ್ಕ್ರೋಲ್ ಮಾಡಿ ನೋಡಿದೆ. ನರಕಾಸುರನ ಜೋಕು ಅಲ್ಲೇ ಇದೆ, ಕೆಳಗೆ ಎಲ್ಲರ ನಗುವೂ ಇದೆ. ಎಲ್ಲರ ಫೋನಿಂದ ಅಳಿಸುವ ಅವಕಾಶ ಯಾವತ್ತೋ ಮುಗಿದುಹೋಗಿದೆ. ಅದಕ್ಕೇ ಇಲ್ಲಿ ಬರೀತಿದ್ದೀನಿ: ಜಾಕಾ, ತಪ್ಪು ನನ್ನದು.