ಮೂರು ಪುಸ್ತಕ ಒಂದಾಗುವಾಗ

ಕೊಡೈಕಾನಲ್ ಎಂದರೆ ನಮ್ಮವರಿಗೆ ನೆನಪಾಗುವುದು ಕೆರೆ, ಮಂಜು ಮತ್ತು ಮೇ ತಿಂಗಳ ಪ್ರವಾಸ. ಅದೇ ಬೆಟ್ಟದ ಮೇಲೆ 1899ರಲ್ಲಿ ಸ್ಥಾಪನೆಯಾದ ಸೂರ್ಯ ವೀಕ್ಷಣಾಲಯವೊಂದಿದೆ. ಆಕಾಶ ತಿಳಿಯಾಗಿರುವ ದಿನಗಳಲ್ಲಿ ಸೂರ್ಯನ ಚಿತ್ರ ತೆಗೆದಿಡುವ ಕೆಲಸ ಅಲ್ಲಿ 1904ರಲ್ಲಿ ಆರಂಭವಾಯಿತು. ಸೂರ್ಯನ ಕಲೆಗಳಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು 1909ರಲ್ಲಿ ಜಾನ್ ಎವರ್‌ಶೆಡ್ ಕಂಡುಹಿಡಿದದ್ದೂ ಅಲ್ಲಿಯೇ. ನೂರು ವರ್ಷಗಳಿಗೆ ಮೀರಿದ ಈ ಚಿತ್ರಸಂಗ್ರಹವನ್ನು ಗಣಕಯಂತ್ರಕ್ಕೆ ಏರಿಸಿದ ಕತೆ ನಮಗೂ ಸಂಬಂಧಪಟ್ಟದ್ದು.

ಮೊದಲ ಸಲ ನಕಲು ಮಾಡಿದಾಗ ಪ್ರತಿ ಬಿಂದುವಿಗೆ ಎಂಟು ಬಿಟ್‌ಗಳ ಲೆಕ್ಕ, ಅಂದರೆ ಕಪ್ಪು ಬಿಳುಪಿನ ನಡುವೆ 256 ಛಾಯೆಗಳು ಮಾತ್ರ. ಮುಂದೆ ಅದು ಸಾಲದೆನಿಸಿ ಹದಿನಾರು ಬಿಟ್‌ಗಳಲ್ಲಿ, 65,536 ಛಾಯೆಗಳಿಗೆ ಅವಕಾಶವಿರುವಂತೆ, ಪುನಃ ನಕಲು ಮಾಡಿದರು. ಎರಡನೆಯ ಸಲ ಮಾಡಲು ಸಾಧ್ಯವಾದುದು ಏಕೆ? ಮೊದಲ ನಕಲು ಸಿದ್ಧವಾಯಿತೆಂದು ಹಳೆಯ ಫಲಕಗಳನ್ನು ಯಾರೂ ಎಸೆದಿರಲಿಲ್ಲ!

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನೋಂದಾವಣೆ ಇಲಾಖೆಯ ‘ಪರ್ಲ್’, ಕಂದಾಯ ಇಲಾಖೆಯ ‘ರೆಲಿಸ್’, ಸರ್ವೆ ಇಲಾಖೆಯ ‘ಇ-ಮ್ಯಾಪ್ಸ್’ ಎಂಬ ಮೂರು ಗಣಕ ಪುಸ್ತಕಗಳನ್ನು ಜೋಡಿಸುವ ‘ಎಂಡೆ ಭೂಮಿ’ ವ್ಯವಸ್ಥೆಯನ್ನು ಕೇರಳ ಸರಕಾರ 2024ರ ಅಕ್ಟೋಬರದಲ್ಲಿ ಉದ್ಘಾಟಿಸಿತು. ಮೊದಲು ಜಾರಿಗೆ ಬಂದ ಗ್ರಾಮ ನಮ್ಮದೇ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು. ಮೂರು ಕಛೇರಿಗಳ ಮೆಟ್ಟಿಲು ಹತ್ತಿಳಿದು ಸೋತವರಿಗೆ ಇದರಿಂದ ಉಪಕಾರವೇ ಆದೀತು. ಅದನ್ನು ಅಲ್ಲಗಳೆಯುವುದು ಈ ಬರಹದ ಉದ್ದೇಶವಲ್ಲ.

ಆದರೆ ಇಂಥ ಜೋಡಣೆಯ ಸಾಮಾನ್ಯ ಕ್ರಮವನ್ನು ನಾವು ತಿಳಿದಿರಬೇಕು. ಮೊದಲು ಇಡೀ ಪುಸ್ತಕದ ಒಂದು ನಕಲು ತೆಗೆಯುತ್ತಾರೆ. ಆಮೇಲೆ ಮೂಲದಲ್ಲಾಗುವ ಪ್ರತಿಯೊಂದು ಬದಲಾವಣೆಯನ್ನು, ಅಂಗಡಿಯವರು ಕೀರ್ದಿಯಿಂದ ಖಾತೆಗೆ ಏರಿಸಿದಂತೆ, ಅನುಕ್ರಮ ತಪ್ಪದೆ ನಕಲಿಗೆ ಸೇರಿಸುತ್ತ ಹೋಗುತ್ತಾರೆ. ನಡುವೆ ತಂತಿ ಕಡಿದರೆ ನಿಂತ ಸಾಲಿನಿಂದಲೇ ಮುಂದುವರಿಯಬೇಕು. ಒಂದು ಸಾಲು ಬಿಟ್ಟುಹೋದರೂ ಎರಡು ಪುಸ್ತಕಗಳು ಬೇರೆಬೇರೆಯಾಗುತ್ತವೆ. ಆದುದರಿಂದ ಆಗಾಗ ಎರಡನ್ನೂ ತಾಳೆ ನೋಡದೆ ಗತಿಯಿಲ್ಲ. ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದುದು. ಯಂತ್ರವು ಸರಿಯನ್ನು ಎಷ್ಟು ನಿಷ್ಠೆಯಿಂದ ನಕಲು ಮಾಡುತ್ತದೆಯೋ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಒಂದು ಕಡೆ ಅಳಿಸಿದ ಹೆಸರು ಕ್ಷಣಮಾತ್ರದಲ್ಲಿ ಇನ್ನೊಂದು ಕಡೆಯೂ ಅಳಿಯುತ್ತದೆ.

ಗಡಿನಾಡಿನ ಕನ್ನಡಿಗನ ಕಷ್ಟ ಇರುವುದು ಇಲ್ಲಿ. ಕಾಸರಗೋಡು 1956ರ ನವೆಂಬರ 1ರಂದು ಕೇರಳಕ್ಕೆ ಸೇರುವ ಮೊದಲು, ದಕ್ಷಿಣ ಕನ್ನಡ ಜಿಲ್ಲೆಯ ಕಾಲದಲ್ಲಿ, ಬರೆಸಿದ ಕನ್ನಡ ದಸ್ತಾವೇಜುಗಳು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ. ಅದರಲ್ಲಿ ‘ನಾರಾಯಣ’ ಎಂದಿದ್ದ ಅಜ್ಜ ಮಲಯಾಳ ಬರಹದಲ್ಲಿ ‘ನಾರಾಯಣನ್’ ಆಗಿಬಿಡುತ್ತಾರೆ. ಪಾಲುಪಟ್ಟಿಗೆ ಕುಳಿತಾಗಲೋ ಬ್ಯಾಂಕಿನ ಸಾಲಕ್ಕೆ ಹೋದಾಗಲೋ ಇಬ್ಬರೂ ಒಬ್ಬರೇ ಎಂಬ ಸರ್ಟಿಫಿಕೇಟಿಗಾಗಿ ಮೊಮ್ಮಕ್ಕಳು ವಿಲ್ಲೇಜ್ ಆಫೀಸಿನ ಮುಂದೆ ನಿಲ್ಲಬೇಕು. (ಸತ್ತವರು ಬಂದು ಸಹಿ ಹಾಕುವಂತಿಲ್ಲವಷ್ಟೆ.) ಮೂರು ಪುಸ್ತಕಗಳು ಬೇರೆಬೇರೆ ಇದ್ದಷ್ಟು ಕಾಲ ಒಂದರ ತಪ್ಪಿಗೆ ಇನ್ನೊಂದು ಸಾಕ್ಷಿ ಹೇಳುತ್ತಿತ್ತು, ತಂಡಪ್ಪೇರಿನಲ್ಲಿ ತಪ್ಪಿದ ಹೆಸರನ್ನು ನೋಂದಾವಣೆಯ ಪ್ರತಿ ತೋರಿಸಿ ತಿದ್ದಿಸಬಹುದಿತ್ತು. ನಾಳೆ ಮೂರೂ ಒಂದೇ ದನಿಯಲ್ಲಿ ತಪ್ಪನ್ನೇ ಹೇಳಿದರೆ ನಮ್ಮ ಸಾಕ್ಷಿ ಯಾವುದು?

ಇದರಲ್ಲಿ ಯಂತ್ರದ ದೋಷವೇನೂ ಇಲ್ಲ. ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ‘ಕ’ಕಾರಕ್ಕೆ 3221, ಮಲಯಾಳದ ‘ಕ’ಕಾರಕ್ಕೆ 3349 ಎಂಬ ಸಂಖ್ಯೆಗಳಿವೆ, ವ್ಯತ್ಯಾಸ 128. ‘ನಾರಾಯಣ’ ಎಂಬ ಹೆಸರಿನ ಪ್ರತಿಯೊಂದು ಅಕ್ಷರಕ್ಕೂ ಇದೇ 128ನ್ನು ಕೂಡಿಸಿದರೆ ಮಲಯಾಳ ಲಿಪಿಯಲ್ಲಿ ಅದೇ ಹೆಸರು ದೊರೆಯುತ್ತದೆ, ಕೊನೆಯಲ್ಲಿ ‘ನ್’ ಸೇರುವುದಿಲ್ಲ. ಅದನ್ನು ಸೇರಿಸುವುದು ಮನುಷ್ಯರ ಅಭ್ಯಾಸ. ಎರಡೂ ಲಿಪಿಗಳನ್ನು ಒಂದೇ ಪುಸ್ತಕದಲ್ಲಿ ಇಡಲು ಗಣಕಯಂತ್ರಕ್ಕೆ ಯಾವ ತೊಂದರೆಯೂ ಇಲ್ಲ.

ಆದುದರಿಂದ ನಾವು ಕೇಳಬೇಕಾದುದು ಕಷ್ಟಸಾಧ್ಯವಾದುದಲ್ಲ. ಕನ್ನಡ ದಸ್ತಾವೇಜಿನಲ್ಲಿರುವ ಹೆಸರಿಗೂ ಸ್ಥಳನಾಮಕ್ಕೂ ಪ್ರತ್ಯೇಕ ಕಲಂ ಬೇಕು. ಮಲಯಾಳದ ಕಲಂ ತಿದ್ದಿದಾಗ ಅದು ತಾನಾಗಿ ಬದಲಾಗಕೂಡದು. ಮೂಲ ದಸ್ತಾವೇಜಿನ ಚಿತ್ರ ಅದರ ಜೊತೆಗೇ ಇರಬೇಕು. ಮುಖ್ಯವಾಗಿ, ಹಳೆಯ ಕಾಗದದ ಪುಸ್ತಕಗಳನ್ನು ಗಣಕಕ್ಕೆ ಏರಿಸಿಯಾಯಿತೆಂಬ ನೆಪದಲ್ಲಿ ನಾಶಮಾಡಕೂಡದು. ಕೇರಳದ 1969ರ ಅಧಿಕೃತ ಭಾಷಾ ಶಾಸನವು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಮತ್ತು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಹೆಸರಿನಲ್ಲಿ ಬದಲಾವಣೆಯಾದಾಗ ಹಕ್ಕುದಾರನಿಗೆ ಕನ್ನಡದಲ್ಲಿ ತಿಳಿವಳಿಕೆ ಪತ್ರ ಕಳುಹಿಸಬೇಕೆಂದು ನಮ್ಮ ಜನಪ್ರತಿನಿಧಿಗಳು ಒತ್ತಾಯಿಸಲು ಇಷ್ಟು ಆಧಾರ ಸಾಲದೇ?

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಗ್ರಾಮದ ಡಿಜಿಟಲ್ ಸರ್ವೆಯ ಕರಡು ಪರಿಶೀಲನೆಗೆ ಬಂದಾಗ ವಿಸ್ತೀರ್ಣವನ್ನಷ್ಟೇ ನೋಡಿ ಮರಳಬೇಡಿ. ಹಳೆಯ ದಸ್ತಾವೇಜನ್ನೂ ತೀರ್ವೆ ರಶೀದಿಯನ್ನೂ ಕೊಂಡುಹೋಗಿ ಹೆಸರು, ಮನೆತನ, ಸರ್ವೆ ನಂಬ್ರಗಳನ್ನು ಅಕ್ಷರ ಅಕ್ಷರವಾಗಿ ತಾಳೆ ನೋಡಿ. ತಪ್ಪಿದ್ದಲ್ಲಿ ಕನ್ನಡದಲ್ಲೇ ತಕರಾರು ಅರ್ಜಿ ಬರೆದು ಕೊಟ್ಟು, ಅದಕ್ಕೆ ತಾರೀಕು ಸಹಿತ ರಶೀದಿ ಪಡೆಯಿರಿ.