ಕಾಗದವಿಲ್ಲದ ಕಾಗದಗಳು

ಹಿಂದೆ ನಮ್ಮ ಮನೆಗಳಲ್ಲಿ, ಬಂದ ಕಾಗದವನ್ನು ಓದಿಯಾದ ಮೇಲೆ ಕೊಕ್ಕೆಯ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುವ ಪದ್ಧತಿಯಿತ್ತು. ನೋಡಲು ಅಷ್ಟೇನೂ ಅಂದವಲ್ಲ. ಆದರೆ ಹತ್ತು ವರ್ಷಗಳ ಮೇಲೆ ಬೇಕೆಂದರೂ ಕಾಗದ ಕೈಗೆ ಸಿಕ್ಕುತ್ತಿತ್ತು. ಅದಕ್ಕಿದ್ದ ಶತ್ರುಗಳಾದ ಗೆದ್ದಲು, ಮಳೆ, ಇಲಿ ಇವೆಲ್ಲ ಕಣ್ಣಿಗೆ ಕಾಣುವಂಥವು. ಇಂದಿನ ಕಾಗದಗಳಿಗೆ ಕಾಗದವೇ ಇಲ್ಲ; ಅವುಗಳ ಶತ್ರುಗಳೂ ಕಣ್ಣಿಗೆ ಕಾಣುವುದಿಲ್ಲ.

ಭಾರತದಲ್ಲಿ ಇಂಟರ್‌ನೆಟ್ ಸೇವೆ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಆಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ, ಕಡರನಾಯಕನಹಳ್ಳಿಯಂಥ ಊರಿನಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಪರದೇಶಕ್ಕೆ ಹೊರಟ ಮಕ್ಕಳು ಮನೆಗೆ ಬರೆದ ಕಾಗದಗಳು ಇ-ಮೇಲ್ ರೂಪದಲ್ಲಿಯೇ ಬಂದವು. ಮೊದಲ ಸಂಬಳದ ಸುದ್ದಿ, ಮೊದಲು ಕಂಡ ಹಿಮದ ವರ್ಣನೆ, ಸಾರಿನ ಪುಡಿಯ ಅಳತೆ ಕೇಳಿ ತಾಯಿಗೆ ಬರೆದ ನಾಲ್ಕು ಸಾಲು, ತಂದೆ ಎರಡೇ ಬೆರಳಿನಿಂದ ಟೈಪು ಮಾಡಿ ಕಳುಹಿಸಿದ ಉತ್ತರ ಎಲ್ಲವೂ ಅವುಗಳಲ್ಲಿವೆ. ಆ ಕೈಗಳಲ್ಲಿ ಕೆಲವು ಈಗ ಇಲ್ಲ. ಕಾಗದಗಳು ಮಾತ್ರ ಎಷ್ಟೋ ಮನೆಗಳಲ್ಲಿ, ಅಟ್ಟ ಸೇರಿದ ಹಳೆಯ ಕಂಪ್ಯೂಟರಿನೊಳಗೆ, ಗುಜರಿಯವನ ತಕ್ಕಡಿಗಾಗಿ ಕಾದು ಕುಳಿತಿವೆ.

ಅವು ಅಲ್ಲಿ ಮಾತ್ರವೇ ಇರಲು ಕಾರಣವುಂಟು. ಆ ಕಾಲದಲ್ಲಿ ಇಂಟರ್‌ನೆಟ್ ಎಂದರೆ ಟೆಲಿಫೋನ್ ತಂತಿ. ಸಂಪರ್ಕದಲ್ಲಿದ್ದಷ್ಟು ಹೊತ್ತೂ ಖರ್ಚು. ಆದುದರಿಂದ ಕಾಗದಗಳನ್ನು ಒಮ್ಮೆಗೇ ಮನೆಯ ಯಂತ್ರಕ್ಕೆ ಇಳಿಸಿಕೊಂಡು, ಸಂಪರ್ಕ ಕಡಿದು, ನಿಧಾನವಾಗಿ ಓದುತ್ತಿದ್ದರು. ‘ಪಾಪ್’ ಎಂಬ ಆ ವ್ಯವಸ್ಥೆಯಲ್ಲಿ, ಬೇರೆಯಾಗಿ ಹೇಳಿಡದಿದ್ದರೆ, ಇಳಿಸಿಕೊಂಡ ಕಾಗದ ದೂರದ ಸರ್ವರಿನಿಂದ ಅಳಿದುಹೋಗುತ್ತಿತ್ತು. ಅಂಚೆಯವನು ಕಾಗದ ಕೊಟ್ಟು ಹೋದ ಮೇಲೆ ಅಂಚೆಕಚೇರಿಯಲ್ಲಿ ಅದರ ಪ್ರತಿ ಉಳಿಯುವುದುಂಟೆ?

ಮನೆಯ ಯಂತ್ರದಲ್ಲಾದರೋ ‘ಔಟ್‌ಲುಕ್ ಎಕ್ಸ್‌ಪ್ರೆಸ್’ ಈ ಕಾಗದಗಳನ್ನು ‘ಡಿಬಿಎಕ್ಸ್’ ಎಂಬ ಕಡತಗಳಲ್ಲಿ, ಸುಲಭವಾಗಿ ಕಾಣದ ಗುಪ್ತ ಫೋಲ್ಡರಿನಲ್ಲಿ ಇಡುತ್ತಿತ್ತು. ಯಂತ್ರ ನಿಧಾನವಾಯಿತೆಂದು ರಿಪೇರಿಗೆ ಕೊಟ್ಟಾಗ, ವಿಂಡೋಸನ್ನು ಹೊಸದಾಗಿ ಹಾಕುವವರು ಫೋಟೋಗಳನ್ನೂ ‘ಮೈ ಡಾಕ್ಯುಮೆಂಟ್ಸ್’ ಅನ್ನೂ ಎತ್ತಿಟ್ಟು ಉಳಿದುದನ್ನು ಅಳಿಸುವುದುಂಟು. ಗುಪ್ತ ಫೋಲ್ಡರ್ ಯಾರ ನೆನಪಿಗೂ ಬರುವುದಿಲ್ಲ. ಎಷ್ಟೋ ಕಾಗದಗಳು ಹೀಗೆಯೇ ಹೋಗುತ್ತವೆ.

ಅವುಗಳನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಎರಡು ಭಾಗಗಳಿವೆ. ಇದಕ್ಕೆ ದೃಷ್ಟಾಂತ ದೂರವಿಲ್ಲ, ಹರಿಹರದಲ್ಲಿಯೇ ಇದೆ. ಹರಿಹರೇಶ್ವರ ದೇವಾಲಯದ ಶಾಸನಗಳು ಕಲ್ಲಿನ ಮೇಲಿವೆ, ಆದರೂ ಬಿ. ಎಲ್. ರೈಸ್ ಅವರು ಕಲ್ಲು ಗಟ್ಟಿಯೆಂದು ಸುಮ್ಮನಿರಲಿಲ್ಲ. ಪ್ರತಿ ತೆಗೆಯಿಸಿ, ಓದಿಸಿ, ಇಂದಿನವರು ಓದಬಲ್ಲ ಲಿಪಿಯಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಮೊದಲು ಪ್ರತಿ, ಆಮೇಲೆ ಲಿಪಿ. ನಮ್ಮ ಮನೆಯ ಕಾಗದಗಳಿಗೂ ಬೇಕಾದುದು ಇವೆರಡೇ.

ಮೊದಲು ಪ್ರತಿಯ ಮಾತು. ಅಟ್ಟದಿಂದ ಇಳಿಸಿದ ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಿ ಪರೀಕ್ಷಿಸಬಾರದು. ಹಾರ್ಡ್ ಡಿಸ್ಕಿನಿಂದ ಟಕಟಕ ಸದ್ದು ಬಂದರೆ ಆ ಕ್ಷಣವೇ ನಿಲ್ಲಿಸಿ, ಬಲ್ಲವರಿಗೆ ಒಪ್ಪಿಸುವುದು ಕ್ಷೇಮ. ಸದ್ದಿಲ್ಲದಿದ್ದರೆ ಡಿಸ್ಕನ್ನು ಹೊರತೆಗೆಯಿಸಿ, ತಕ್ಕ ಯುಎಸ್‌ಬಿ ಅಡಾಪ್ಟರಿನ ಮೂಲಕ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಎಲ್ಲವನ್ನೂ ನಕಲು ಮಾಡಿಕೊಳ್ಳಬೇಕು. ಗುಪ್ತ ಕಡತಗಳು ಕಾಣುವಂತೆ ಮಾಡಿ ‘ಡಿಬಿಎಕ್ಸ್’ ಎಂದೂ, ಔಟ್‌ಲುಕ್ ಬಳಸಿದ್ದರೆ ‘ಪಿಎಸ್‌ಟಿ’ ಎಂದೂ ಹುಡುಕಬೇಕು. ಈ ಎರಡು ಬಗೆಯ ಹಳೆಯ ಕಡತಗಳೂ 2 ಗಿಗಾಬೈಟ್ ತಲುಪಿದರೆ ಕೆಡುವ ಸ್ವಭಾವದವು. ಔಟ್‌ಲುಕ್ ಕಡತವಾದರೆ ಅದರೊಡನೆ ಬರುವ ದುರಸ್ತಿ ಸಾಧನದಿಂದ ಸರಿಪಡಿಸಲು ಯತ್ನಿಸಬಹುದು. ಏನೇ ಮಾಡಿದರೂ ನಕಲಿನ ಮೇಲೆ ಮಾಡಬೇಕು, ಮೂಲವನ್ನು ಮುಟ್ಟಬಾರದು.

ಹಳೆಯ ಯಂತ್ರ ಇನ್ನೂ ಸರಿಯಾಗಿ ನಡೆಯುತ್ತಿದ್ದರೆ ಕೆಲಸ ಸುಲಭ. ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು, ಕಾಗದಗಳನ್ನೆಲ್ಲ ಆಯ್ದು, ಹೊರಗಿನ ಒಂದು ಫೋಲ್ಡರಿಗೆ ಎಳೆದುಬಿಟ್ಟರೆ ಒಂದೊಂದು ಕಾಗದವೂ ‘ಇಎಂಎಲ್’ ಎಂಬ ಬಿಡಿ ಕಡತವಾಗುತ್ತದೆ. ಅದು ಸರಳ ಬರಹದ ಕಡತ; ಇಂದಿನ ‘ಥಂಡರ್‌ಬರ್ಡ್’ ಕೂಡ ಅದನ್ನು ಓದಬಲ್ಲದು. ಥಂಡರ್‌ಬರ್ಡನ್ನೇ ಬಳಸಿದ ಮನೆಗಳಿಗೆ ಇನ್ನೊಂದು ಸಮಾಧಾನ: ಅದರ ಸಾಮಾನ್ಯ ಕಡತಗಳಲ್ಲಿ ಅಳಿಸಿದ ಕಾಗದವೂ ಒಡನೆಯೇ ಹೋಗುವುದಿಲ್ಲ. ಅಳಿಸಲಾಗಿದೆ ಎಂಬ ಗುರುತು ಮಾತ್ರ ಬೀಳುತ್ತದೆ. ‘ಕಾಂಪ್ಯಾಕ್ಟ್’ ಎಂಬ ಆಜ್ಞೆ ನಡೆದಾಗಲೇ ಅದು ನಿಜವಾಗಿ ಹೋಗುವುದು. ಕಳೆದುದನ್ನು ಹುಡುಕುವವರು ಆ ಆಜ್ಞೆಯ ತಂಟೆಗೆ ಹೋಗಬಾರದು.

ಇನ್ನು ಲಿಪಿಯ ಮಾತು. ಇದು ಕನ್ನಡದ ಕಾಗದಗಳಿಗೆ ಎದುರಾಗುವ ತೊಡಕು. ಕಡತ ಸಿಕ್ಕಿತು, ತೆರೆಯಿತು. ಆದರೆ ಒಳಗೆ ತಾಯಿಯ ಕನ್ನಡವಿಲ್ಲ. ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಸೊನ್ನೆ, ಗೀಟು, ಚುಕ್ಕೆಗಳ ಗೊಂದಲ! ಕಡತ ಕೆಟ್ಟಿದೆಯೆಂದು ಅದನ್ನು ಎಸೆದುಬಿಡಬೇಡಿ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಇವುಗಳಿಂದ ಎಷ್ಟೋ ಮನೆಗಳಲ್ಲಿ ಕನ್ನಡ ಬರೆಯುವುದು ಸಾಧ್ಯವಾಯಿತು. ಅಂದಿನ ಉಪಾಯವೆಂದರೆ, ಇಂಗ್ಲಿಷ್ ಮೊದಲಾದ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ಯಂತ್ರ ಉಳಿಸಿಕೊಂಡದ್ದು ಆ ಸಂಖ್ಯೆಗಳನ್ನು ಮಾತ್ರ. ತಕ್ಕ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಇಂದಿನ ಯೂನಿಕೋಡಿನಲ್ಲಾದರೋ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ವಂತ ಸ್ಥಾನವುಂಟು; ‘ಕ’ ಅಕ್ಷರ ಎಲ್ಲಿ ಹೋದರೂ 3221. ಹಳೆಯ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನಗಳು ‘ಬರಹ’, ‘ನುಡಿ’ಗಳೊಡನೆಯೇ ದೊರೆಯುತ್ತವೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳಬಹುದಾದ್ದರಿಂದ ಒಮ್ಮೆ ಓದಿ ತಿದ್ದಬೇಕು. ಯಾವ ಪದವಿದ್ದಿರಬೇಕೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಇದನ್ನು ಮಾಡುವುದು ಲೇಸು.

ಉಳಿಸಿದುದನ್ನು ಕಾಪಾಡುವುದು ಹೇಗೆ? ಬಲ್ಲವರ ಸೂತ್ರ ಚಿಕ್ಕದು: 3 ಪ್ರತಿ, 2 ಬಗೆಯ ಸಾಧನ, 1 ಪ್ರತಿ ಮನೆಯಿಂದ ಹೊರಗೆ. ದಾವಣಗೆರೆಯ ಮನೆಯವರು ಒಂದು ಪ್ರತಿಯನ್ನು ಹರಿಹರದ ತಂಗಿಯ ಮನೆಯಲ್ಲಿ ಇಡಬಹುದು. ಇಂದಿನ ಇ-ಮೇಲ್ ಹೇಗೂ ದೂರದ ಸರ್ವರಿನಲ್ಲಿದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಫೋನಿನಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಅದಲ್ಲದೆ, 2 ವರ್ಷ ಯಾರೂ ಬಳಸದ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ತೀರಿಕೊಂಡವರ ಖಾತೆಯನ್ನು ತೆರೆಯುವವರು ಯಾರು? ‘ಟೇಕ್‌ಔಟ್’ ಎಂಬ ಸೌಕರ್ಯದಿಂದ ಎಲ್ಲವನ್ನೂ ಮನೆಗೆ ಇಳಿಸಿಕೊಳ್ಳಬಹುದು. ಆದರೆ ಖಾತೆಯವರು ಇರುವಾಗ, ಅವರ ಒಪ್ಪಿಗೆಯಿಂದ. ತಂದೆಯ ಕಾಗದವಾದರೂ ಅದು ತಂದೆಯದು.

ವರ್ಷಕ್ಕೊಮ್ಮೆ, ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮವಿಡುವಾಗಲೇ ಆಗಲಿ, ಆ ಪ್ರತಿಗಳಿಂದ ನಾಲ್ಕೈದು ಕಾಗದಗಳನ್ನು ತೆರೆದು ಓದಿರಿ. ತೆರೆಯದ ಪ್ರತಿ ಪ್ರತಿಯೆಂಬುದಕ್ಕೆ ಪ್ರಮಾಣವಿಲ್ಲ. ಓದುವಾಗ ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಾರಿನ ಪುಡಿಗೆ ಅಜ್ಜಿ ಎಷ್ಟು ಕೊತ್ತಂಬರಿ ಹೇಳಿದ್ದರೆಂಬುದು ಅವರಿಗೂ ತಿಳಿಯಲಿ.